ಯಾರ ಮನೆಯೂ ಅಲ್ಲದ ಜಾಗ

ಏಪ್ರಿಲ್ 2

ಮಗಳೇ,

ಈ ತಿಂಗಳ ಮೂರನೇ ಭಾನುವಾರ ಬೆಳಿಗ್ಗೆ ಎಲ್ಲರೂ ಕೆರೆಯ ಪಕ್ಕದ ಹುಲ್ಲುಬಯಲಿನಲ್ಲಿ ಸೇರುವುದು. ಪ್ರತಿ ವರ್ಷವೂ ಇರುವುದೇ. ನಿನ್ನ ಅಣ್ಣ ಮಡಚುವ ಕುರ್ಚಿಗಳನ್ನು ಹೊತ್ತು ತರುತ್ತಾನೆ, ಅತ್ತಿಗೆ ಬುತ್ತಿ ಕಟ್ಟುತ್ತಾಳೆ, ನಿಮ್ಮ ಚಿಕ್ಕಪ್ಪ ಕೈಬೀಸಿಕೊಂಡು ಬಂದು ಎಲ್ಲರಿಗಿಂತ ಮೊದಲು ತಿನ್ನಲು ಕೂರುತ್ತಾನೆ. ನೀನು ನಿನ್ನ ಊರಿನಿಂದ ಬರುವುದನ್ನು ತಪ್ಪಿಸಬಾರದು.

ಫೋನು ಮಾಡಬೇಡ. ಫೋನಿನಲ್ಲಿ ಅರ್ಧ ನನಗೆ ಕೇಳಿಸುವುದಿಲ್ಲ, ಉಳಿದರ್ಧ ನೀನು ಹೇಳುವುದಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಇಡೀ ಊರಿಗೆ ಲೈನು ಕೊಟ್ಟವಳ ಕಿವಿ ಹೀಗಾಗಬೇಕೆ! ಕಾಗದದಲ್ಲಾದರೆ ನೀನು 'ಹಲೋ, ಹಲೋ, ಲೈನ್ ಸರಿ ಇಲ್ಲಮ್ಮ' ಎಂದು ಜಾರಿಕೊಳ್ಳುವ ಹಾಗಿಲ್ಲ.

ನಾಲ್ಕು ವರ್ಷದಿಂದ ನಾವು ದನ ಮೇಯಿಸಲು ಬಂದವರ ಹಾಗೆ ಬಯಲಿನಲ್ಲಿ ಸೇರುತ್ತಿದ್ದೇವೆ. ಯಾಕೆ? ಮಗಳು ಅಣ್ಣನ ಮನೆಯ ಹೊಸಿಲು ತುಳಿಯುವುದಿಲ್ಲ ಎಂದಿದ್ದಾಳೆ. ಮಗ ತಂಗಿಯ ಗಾಡಿ ಹತ್ತುವುದಿಲ್ಲ, ಅವಳ ಮನೆ ಮೆಟ್ಟಿಲೂ ಹತ್ತುವುದಿಲ್ಲ ಎಂದಿದ್ದಾನೆ. ನಾನಿರುವುದು ಅವನ ಮನೆಯ ಮಹಡಿಯ ಮೇಲೆ. ಅಲ್ಲಿಗೆ ಬರಲು ಅವನ ನಡುಮನೆಯನ್ನು ದಾಟಲೇಬೇಕು, ಏಣಿ ಹಾಕಿಕೊಂಡು ಬಾ ಎನ್ನಲು ನೀನು ಕಳ್ಳಿಯಲ್ಲ. ಜಗಳ ಏನಮ್ಮಾ ಎಂದು ಯಾರಾದರೂ ಕೇಳಿದರೆ ಹೇಳಲು ನನಗೇ ನಾಚಿಕೆ. ಅಣ್ಣ ಹೊಸ ಕಾರು ಕೊಂಡ, ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವ ತಂಗಿ ತನ್ನ ಸ್ಕೂಲಿನ ಗಾಡಿ ತಂದು ಅವನಿಗೆ ಕಲಿಸಿದಳು, ಅವಳು ಗೇಟು ತೆಗೆಯಲು ಇಳಿದು 'ಬಾ, ಬಾ' ಎನ್ನುತ್ತಿದ್ದಾಗ ಅವನು ಸೀದಾ ಗೇಟಿಗೇ ಗುದ್ದಿದ. ಊರಿಗೆಲ್ಲ ಕನ್ನಡಕ ಮಾಡಿಕೊಡುವವನಿಗೆ ಅಷ್ಟು ದೊಡ್ಡ ಗೇಟು ಕಾಣಲಿಲ್ಲ. ಬೀದಿಯವರೆಲ್ಲ ನೋಡುತ್ತಿರುವಾಗ ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನು ಒಂದು ಮಾತಾಡಿದ. ಆ ಮಾತನ್ನು ನಾನು ಬರೆಯುವುದಿಲ್ಲ.

ಈಗ ನಿಜವಾದ ವಿಷಯ. ನನ್ನ ಎರಡೂ ಮಂಡಿಗಳನ್ನು ಡಾಕ್ಟರು ಈ ವರ್ಷವೇ ಕೊಯ್ಯಬೇಕಂತೆ. ಆಮೇಲೆ ಬಹಳ ತಿಂಗಳು ನಾನು ಕೆರೆಗೂ ಬರುವುದಿಲ್ಲ, ಬಯಲಿಗೂ ಬರುವುದಿಲ್ಲ, ಅವನ ನಡುಮನೆಯಲ್ಲಿ ಹಾಸಿಗೆ ಮೇಲೆ ಇರುತ್ತೇನೆ. ನನ್ನನ್ನು ನೋಡಬೇಕೆಂದರೆ ಬಾಗಿಲಿನಿಂದ ಒಳಗೆ ಬರಬೇಕು. ಈ ಭಾನುವಾರ ನೀವಿಬ್ಬರೂ ಇದನ್ನು ಬಗೆಹರಿಸಿಕೊಳ್ಳಬೇಕು. ನನಗೆ ಇನ್ನು ಸಾಕಾಗಿದೆ.

ಈ ಸಲ ಮಳೆ ಬೇಗ ಬರಬಹುದು ಎಂದು ಪೇಪರಿನಲ್ಲಿ ಬಂದಿದೆ. ಆದರೆ ಚಿಕ್ಕಪ್ಪನ ಹೆಗಲು ನೋಯುತ್ತಿಲ್ಲವಂತೆ. ನಮ್ಮ ಮನೆಯ ಹವಾಮಾನ ಇಲಾಖೆ ಅದೇ ತಾನೇ.

ಮಂಡಿ ಹಿಡಿದುಕೊಂಡು ಕೂತಿರುವ,
ಅಮ್ಮ

—

ಏಪ್ರಿಲ್ 8

ಅಮ್ಮ,

ಬರುತ್ತೇನೆ. ಅವನ ಕುರ್ಚಿ ನನಗೆ ಬೇಡ, ನನ್ನ ಚಾಪೆ ನಾನು ತರುತ್ತೇನೆ.

ನೀನು ಬರೆಯುವುದಿಲ್ಲ ಎಂದ ಮಾತನ್ನು ನಾನೇ ಬರೆಯುತ್ತೇನೆ, ನೀನು ಮರೆತ ಹಾಗಿದೆ. "ಗಂಡನ ಜೊತೆ ಒಂದು ವರ್ಷ ನೆಟ್ಟಗೆ ಬಾಳೋಕಾಗ್ಲಿಲ್ಲ, ಇವಳು ನನಗೆ ದಾರಿ ತೋರಿಸ್ತಾಳೆ." ಬೀದಿಯವರ ಮುಂದೆ ಅಂದ. ಬಗ್ಗಿದ ಗೇಟನ್ನು ಅವತ್ತು ಸಂಜೆಯೇ ಸರಿ ಮಾಡಿಸಿದಿರಿ. ಆಮೇಲೆ ಎಲ್ಲರೂ ಆರಾಮಾಗಿ ಊಟ ಮಾಡಿದಿರಂತೆ.

ನಾನು ನಕ್ಕದ್ದು ತಪ್ಪು ಅಂತಲೇ ಇಟ್ಟುಕೋ. ಕಲಿಯಲು ಬಂದವರು ಎಡವಟ್ಟು ಮಾಡಿದರೆ ನಗಬಾರದು ಎಂದು ನಮ್ಮಲ್ಲಿ ಹೊಸದಾಗಿ ಸೇರುವ ಮೇಷ್ಟ್ರುಗಳಿಗೆ ನಾನೇ ಹೇಳುತ್ತೇನೆ. ಆದರೆ ಅವನು ಕಲಿಯಲು ಬಂದವನಲ್ಲ, ಅಣ್ಣ. ಅಣ್ಣನ ಮುಂದೆ ನಗಬಾರದು ಎಂದು ನನಗೆ ಯಾರೂ ಹೇಳಿರಲಿಲ್ಲ.

ಆ ಮಾತನ್ನು ಅವನು ಅವನ ಬಾಯಿಂದಲೇ ವಾಪಸ್ ತಗೊಳ್ಳಲಿ. ಅಷ್ಟೇ ನಾನು ಕೇಳುತ್ತಿರುವುದು. ಮಂಡಿಗೆ ಬಿಸಿನೀರಿನ ಶಾಖ ಕೊಡು, ಮಹಡಿ ಹತ್ತಿ ಇಳಿಯುವುದನ್ನು ಕಡಿಮೆ ಮಾಡು.

ನಿನ್ನ ಮಗಳು

—

ಏಪ್ರಿಲ್ 23

ಮಗಳೇ,

ನಾನೂ ಅಲ್ಲೇ ಇದ್ದೆನಲ್ಲ, ಇದನ್ನೆಲ್ಲ ಯಾಕೆ ಬರೆಯುತ್ತೀಯ ಎನ್ನಬೇಡ. ನೀನು ನಿನ್ನ ಸಿಟ್ಟಿನ ಜೊತೆ ಇದ್ದೆ. ಕಣ್ಣು ಬಿಟ್ಟುಕೊಂಡು ಇದ್ದವಳು ನಾನೊಬ್ಬಳೇ.

ಮಳೆ ಬರುವ ಮೊದಲೇ ನಮ್ಮ ಚೆಂದ ನೋಡುವ ಹಾಗಿತ್ತು. ಅವನು ಕುರ್ಚಿಗಳನ್ನು ಸಾಲಾಗಿ ಬಿಡಿಸಿಟ್ಟ. ನೀನು ಕೂಗಿದರೂ ಕೇಳದಷ್ಟು ದೂರದಲ್ಲಿ ಚಾಪೆ ಹಾಸಿದೆ. ಬುತ್ತಿ ನಡುವೆ. ಮೊಮ್ಮಗಳು ತಟ್ಟೆ ಹಿಡಿದುಕೊಂಡು ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಓಡಾಡಿದಳು. "ಅತ್ತೆ, ಉಪ್ಪು ಬೇಕಾ ಅಂತ ಅಪ್ಪ ಕೇಳ್ತಿದಾರೆ." "ಬೇಡ ಅಂತ ಹೇಳು." "ಅಪ್ಪ, ಬೇಡ್ವಂತೆ." ಕೊನೆಗೆ ಆ ಮಗು ನನ್ನ ಹತ್ತಿರ ಬಂದು, "ಅಜ್ಜಿ, ಇವರಿಬ್ರೂ ಸ್ಕೂಲಲ್ಲಿದ್ದಿದ್ರೆ ಮಿಸ್ಸು ಬೆಂಚ್ ಮೇಲೆ ನಿಲ್ಲಿಸ್ತಿದ್ರು" ಎಂದಿತು. ನನಗೂ ಹಾಗೇ ಅನ್ನಿಸಿತು.

ಆಮೇಲೆ ಆಕಾಶ ಕಪ್ಪಿಟ್ಟಿತು. ನಾವೆಲ್ಲ ಚಿಕ್ಕಪ್ಪನ ಮುಖ ನೋಡಿದೆವು. ಆತ ಹೆಗಲು ಒತ್ತಿ ನೋಡಿಕೊಂಡು, "ಏನೂ ಇಲ್ಲ ಅತ್ತಿಗೆ, ಮೋಡ ಹಾಗೇ ಹೊರಟೋಗತ್ತೆ" ಎಂದ. ಮಾತು ಮುಗಿಯುವ ಮೊದಲೇ ಗಾಳಿ ಅವನ ಟೋಪಿಯನ್ನು ಕಿತ್ತು ಕೆರೆಗೆ ಹಾಕಿತು. ನಿನ್ನ ಚಾಪೆ ಹಾರಿ ಹೋಯಿತು. ನಿನ್ನ ಅತ್ತಿಗೆ ಬೆಳಿಗ್ಗೆಯಿಂದ ನಿಂತು ಮಾಡಿದ್ದೆಲ್ಲ ಡಬ್ಬಿಗಳಲ್ಲೇ ಸಾರಾಯಿತು. ಪಾಪ, ಅವಳು ಮುಚ್ಚಳ ಹುಡುಕುತ್ತಾ ಹುಲ್ಲಿನ ಮೇಲೆ ಕೂತುಬಿಟ್ಟಳು.

ನೀನು ಮರದ ಕೆಳಗೆ ಓಡಿದೆ. ಅವನು ದೋಣಿ ಟಿಕೆಟ್ ಕೊಡುವ ಗೂಡಿನ ಸೂರಿನಡಿಗೆ ಓಡಿದ. ಆ ಕಡೆಯಿಂದ ಅವನು ಕೈ ಬೀಸಿ ಕರೆದ, ಈ ಕಡೆಯಿಂದ ನೀನು ಕೈ ಬೀಸಿ ಕರೆದೆ. ಮೊಮ್ಮಗಳನ್ನು ಅತ್ತಿಗೆ ಎಳೆದುಕೊಂಡು ಹೋದಳು. ನಾನು ಮಾತ್ರ ನಡುವೆ ಕುರ್ಚಿಯ ಮೇಲೆ ಕೂತೇ ಇದ್ದೆ. ಅವನ ಕಡೆ ಹೋದರೆ ನಿನಗೆ ಬೇಜಾರು, ನಿನ್ನ ಕಡೆ ಬಂದರೆ ಅವನಿಗೆ. ಮಂಡಿ ಏಳಲೂ ಬಿಡಲಿಲ್ಲ ಎನ್ನುವುದು ಬೇರೆ ಮಾತು. ತಲೆಯಿಂದ ನೀರು ಸುರಿಯುತ್ತಿದ್ದಾಗ ನನಗೆ ಬಂದ ಸಿಟ್ಟು ಮಳೆಯ ಮೇಲಲ್ಲ.

ನೀನು ಗಾಡಿಯನ್ನು ಹುಲ್ಲಿನ ಮೇಲೇ ತಂದು ನಮ್ಮನ್ನೆಲ್ಲ ತುಂಬಿಕೊಂಡೆ. ಒಳ್ಳೆಯದು ಮಾಡಿದೆ. ಹಿಂದಿನ ಸೀಟಿನಲ್ಲಿ ಒತ್ತರಿಸಿ ಕೂತರೆ ಅವನಿಗೂ ಜಾಗವಿತ್ತು. "ಬಾರೋ" ಎಂದು ನಾನು ಕಿರುಚಿದೆ. ಅವನು, "ನೀವು ಹೋಗಿ, ನಾನು ಕುರ್ಚಿ ತಗೊಂಡ್ ಬರ್ತೀನಿ" ಎಂದ. ಆ ಕುರ್ಚಿಗಳನ್ನು ಯಾರು ಕದಿಯುತ್ತಾರೆ ಆ ಮಳೆಯಲ್ಲಿ? ಕೈಯಲ್ಲಿದ್ದ ಕೊಡೆ ಉಲ್ಟಾ ಆಗಿ ಬಟ್ಟಲಾಗಿತ್ತು. ಅದನ್ನು ಬಿಸಾಕಿ ಕುರ್ಚಿಗಳನ್ನು ತಲೆಯ ಮೇಲೆ ಹೊತ್ತುಕೊಂಡು ನಮ್ಮ ಹಿಂದೆ ನಡೆದ.

ಈಗ ನನಗೆ ಒಂದು ಹೇಳು. ಅಲ್ಲಿಂದ ಮನೆವರೆಗೂ ನೀನು ಗಾಡಿಯನ್ನು ಯಾಕೆ ಅಷ್ಟು ನಿಧಾನ ಓಡಿಸಿದೆ? ಚಿಕ್ಕಪ್ಪ, "ಗಾಡಿ ಓಡಿಸ್ತಿದೀಯೋ ತಳ್ತಿದೀಯೋ?" ಎಂದು ಬೈದ. ನೀನು ಕನ್ನಡಿಯನ್ನೇ ನೋಡುತ್ತಿದ್ದೆ. ಆ ಕನ್ನಡಿಯಲ್ಲಿ ಏನು ಕಾಣುತ್ತದೆ ಎಂದು ಹಿಂದೆ ಕೂತಿದ್ದ ನನಗೂ ಗೊತ್ತಾಯಿತು.

ಇಷ್ಟಾದ ಮೇಲೆ, ಗೇಟಿನ ಮುಂದೆ ನಮ್ಮನ್ನು ಇಳಿಸಿ ನೀನು ಗಾಡಿಯೊಳಗೇ ಕೂತೆ. ಮೈಯೆಲ್ಲ ಒದ್ದೆ. ಅತ್ತಿಗೆ ಟವೆಲ್ ತಂದುಕೊಟ್ಟಳು, ಬಿಸಿ ಹಾಲು ತಂದುಕೊಟ್ಟಳು, "ಒಳಗ್ ಬಾರೇ, ನಿನ್ ಕಾಲಿಗ್ ಬೀಳ್ತೀನಿ" ಎಂದಳು. ನೀನು ಲೋಟ ವಾಪಸ್ ಕೊಟ್ಟೆ. ಅಷ್ಟರಲ್ಲಿ ಅವನು ಬಂದ. ಕುರ್ಚಿಗಳನ್ನು ಗೋಡೆಗೆ ಒರಗಿಸಿ ನಿನ್ನ ಕಿಟಕಿಯ ಹತ್ತಿರ ಹೋಗಿ ಬಗ್ಗಿದ. ಏನೋ ಹೇಳಿದ. ನಾನು ನಡುಮನೆಯ ಕಿಟಕಿಯಿಂದ ನೋಡಿದೆ, ತುಟಿ ಆಡಿದ್ದು ಕಂಡಿತು. ನೀನು ಗಾಜು ಇಳಿಸಲಿಲ್ಲ. ಗಾಡಿ ಶುರು ಮಾಡಿ ಹೊರಟೇಬಿಟ್ಟೆ.

ನಿಮ್ಮಿಬ್ಬರನ್ನು ಹೆತ್ತದ್ದಕ್ಕೆ ನನಗೆ ಯಾರಾದರೂ ಪೆನ್ಷನ್ ಕೊಡಬೇಕು.

ಮೂರು ದಿನದಿಂದ ಸೀನುತ್ತಿರುವ,
ಅಮ್ಮ

ಚಿಕ್ಕಪ್ಪ ಈಗ ಹೇಳುತ್ತಾನೆ, ಎಡ ಹೆಗಲು ನೋಯುತ್ತಿತ್ತಂತೆ, ನಾವು ಬಲದ್ದನ್ನು ಕೇಳಿದೆವಂತೆ.

—

ಮೇ 1

ಅಮ್ಮ,

ರಸ್ತೆ ಜಾರುತ್ತಿತ್ತು. ಅದಕ್ಕೇ ನಿಧಾನ ಓಡಿಸಿದ್ದು.

ಗಾಜಿನ ಮೇಲೆ ಆವಿ ಕೂತಿತ್ತು, ಮಳೆ ಹೊಡೆಯುತ್ತಿತ್ತು. ಅವನು ಏನು ಹೇಳಿದ ಎಂದು ನನಗೆ ಗೊತ್ತಿಲ್ಲ. 'ನಿನ್ನಿಂದಾಗಿ ಎಲ್ರೂ ನೆಂದ್ರು' ಎಂದಿರಬಹುದು. ಅದನ್ನು ಕೇಳಲು ನಾನು ಗಾಜು ಇಳಿಸಬೇಕಿತ್ತಾ?

ಸೀನು ನಿಂತಿತಾ, ಬರೆ.

ಮಗಳು

—

ಮೇ 4

ಮಹಡಿಯ ಮೇಲಿನ ಕೋಣೆಯಿಂದ

ಮಗನೇ,

ನೀನು ಕೆಳಗೆ ಟಿವಿ ನೋಡುತ್ತಿದ್ದೀಯ, ನಾನು ಮೇಲೆ ಕೂತು ಬರೆಯುತ್ತಿದ್ದೇನೆ. ಈ ಕಾಗದವನ್ನು ಚಿಕ್ಕಪ್ಪನ ಕೈಲಿ ಅಂಚೆಗೆ ಹಾಕಿಸುತ್ತೇನೆ. "ಅತ್ತಿಗೆ, ಮೆಟ್ಟಿಲ ಮೇಲಿಟ್ರೆ ಅವನೇ ತಗೋತಾನಲ್ವಾ?" ಎಂದು ಕೇಳಿದ. ಹಾಕು ಎಂದೆ. ನಿಮ್ಮ ಮನೆಯಲ್ಲಿ ಮಾತು ಹೀಗೇ ಸುತ್ತಿ ಬಳಸಿ ಹೋಗಬೇಕು ಎಂದು ನೀವೇ ಮಾಡಿಟ್ಟ ಪದ್ಧತಿ, ನಾನೂ ಕಲಿತೆ. ಇನ್ನು ಮುಂದೆ ನಿನಗೂ ನನಗೂ ಅಂಚೆಯಲ್ಲೇ ಮಾತು. ಊಟಕ್ಕೆ ಕರೆಯಬೇಕೆಂದರೂ ಸ್ಟ್ಯಾಂಪು ಹಚ್ಚು.

ಒಂದೇ ಪ್ರಶ್ನೆ. ಆವತ್ತು ಕಿಟಕಿಯ ಹತ್ತಿರ ಬಗ್ಗಿ ಅವಳಿಗೆ ಏನು ಹೇಳಿದೆ?

ಅಮ್ಮ

—

ಮೇ 11

ಕನ್ನಡಕದ ಅಂಗಡಿಯಿಂದ

ಅಮ್ಮ,

ಅಂಚೆಯವನು ನಿನ್ನ ಕಾಗದವನ್ನು ಅಂಗಡಿಗೇ ತಂದುಕೊಟ್ಟು, "ಸಾರ್, ಕಳಿಸಿದೋರದ್ದೂ ನಿಮ್ದೂ ಒಂದೇ ವಿಳಾಸ ಇದೆ, ಏನಾದ್ರೂ ತಪ್ಪಾಗಿದ್ಯಾ?" ಎಂದ. ಗಿರಾಕಿಗಳಿದ್ದರು. ಮರ್ಯಾದೆ ಅಂತ ಒಂದಿದೆ ಅಮ್ಮ. ನೀನು ಏಳು ದಿನದಿಂದ ಮಾತಾಡುತ್ತಿಲ್ಲ, ನಾನು ಬಂದು ಬಾಗಿಲು ಬಡಿದರೆ 'ಬರೆದು ಕಳಿಸು' ಎನ್ನುತ್ತೀಯ. ಆದ್ದರಿಂದ ಬರೆಯುತ್ತಿದ್ದೇನೆ.

ಕೇಳಿದ್ದಕ್ಕೆ ಉತ್ತರ. "ಅವತ್ತು ನಾನು ಆ ಮಾತು ಆಡಬಾರದಿತ್ತು, ಒಳಗೆ ಬಾ" ಎಂದೆ. ದಾರಿಯುದ್ದಕ್ಕೂ ಕುರ್ಚಿ ಹೊತ್ತುಕೊಂಡು ಬರುವಾಗ ಅದನ್ನೇ ಜೋಡಿಸಿಕೊಂಡು ಬಂದಿದ್ದೆ. ಮುಂದೆ ಅವಳ ಗಾಡಿಯ ಕೆಂಪು ದೀಪ ಕಾಣುತ್ತಲೇ ಇತ್ತು, ಎಲ್ಲಿಯೂ ನನ್ನನ್ನು ಬಿಟ್ಟು ಹೋಗಲಿಲ್ಲ. ಅದಕ್ಕೇ ಹೇಳೋಣ ಅನ್ನಿಸಿತು. ಹೇಳಿದೆ. ಅವಳು ಗಾಜು ಇಳಿಸಲಿಲ್ಲ. ನನ್ನ ಕೆಲಸ ನಾನು ಮಾಡಿದ್ದೇನೆ, ಎರಡನೇ ಸಲ ಮಳೆಯಲ್ಲಿ ನಿಂತು ಹೇಳಲು ನನ್ನಿಂದ ಆಗುವುದಿಲ್ಲ.

ನೀನು ಇದನ್ನು ಅವಳಿಗೆ ಹೇಳಕೂಡದು. ಹೇಳಿದರೆ, ಅಮ್ಮನೇ ಹೇಳಿಸಿದಳು ಎಂದುಕೊಳ್ಳುತ್ತಾಳೆ. ಆಣೆ ಹಾಕು.

ಮಗ

ಸಂಜೆ ಊಟಕ್ಕೆ ಕೆಳಗೆ ಬಾ. ಸ್ಟ್ಯಾಂಪು ಹಚ್ಚಿದ್ದೇನೆ.

—

ಮೇ 15

ಮಗನೇ,

ಓದಿದೆ. ಎರಡು ಸಲ ಓದಿದೆ. ಮೊದಲನೇ ಸಲ ಅಳು ಬಂತು, ಎರಡನೇ ಸಲ ತಲೆ ಚಚ್ಚಿಕೊಂಡೆ. ಮುಖಕ್ಕೆ ಮುಖ ಕೊಟ್ಟು ಒಂದು ಸಲ ಹೇಳಲು ನಾಲ್ಕು ವರ್ಷ ತಗೊಂಡವನು, ಗಾಜು ಮುಚ್ಚಿದ ಕಿಟಕಿಗೆ ಹೇಳಿ ಬಂದು ಮುಗಿಯಿತು ಎನ್ನುತ್ತೀಯಲ್ಲ! ಅವಳೋ ಒಂದು ಗಾಜು ಇಳಿಸಲಾರದವಳು. ಎರಡೂ ಮನೆಯಲ್ಲಿ ಫೋನು ಹೊಡೆದುಕೊಳ್ಳುತ್ತಿದೆ, ಎತ್ತುವವರು ಯಾರೂ ಇಲ್ಲ.

ಆಣೆ ಬೇಕಿಲ್ಲ. ನಮ್ಮ ಎಕ್ಸ್‌ಚೇಂಜಿನಲ್ಲಿ ಒಂದು ಕಟ್ಟುನಿಟ್ಟು ಇತ್ತು. ಲೈನು ಕೊಡುವಾಗ ಕಿವಿಗೆ ಬಿದ್ದದ್ದನ್ನು ಆಚೆ ಹೇಳಬಾರದು. ಗಂಡ ಹೆಂಡತಿ ಜಗಳ, ಹುಡುಗ ಹುಡುಗಿಯರ ಗುಸುಗುಸು, ಏನೇನೋ ಕೇಳಿದ್ದೇನೆ, ನಿಮ್ಮಪ್ಪನಿಗೂ ಹೇಳಿದವಳಲ್ಲ. ಇದನ್ನೂ ಹೇಳುವುದಿಲ್ಲ. ಆದರೆ ಇಷ್ಟು ಕಷ್ಟವಾದ ಗುಟ್ಟು ಅಲ್ಲಿ ಯಾವತ್ತೂ ಸಿಕ್ಕಿರಲಿಲ್ಲ.

ಊಟಕ್ಕೆ ಬಂದಿದ್ದೆನಲ್ಲ. ಅದರರ್ಥ ರಾಜಿ ಎಂದುಕೊಳ್ಳಬೇಡ, ಹಸಿವು.

ಅಮ್ಮ

—

ಜುಲೈ 14

ಮಗಳೇ,

ಮಂಡಿಗಳು ಹೊಸವು, ಸಿಟ್ಟು ಹಳೆಯದೇ.

ಆಸ್ಪತ್ರೆಗೆ ದಿನಾ ಬಂದೆ, ಸಂತೋಷ. ಆಸ್ಪತ್ರೆ ಯಾರ ಮನೆಯೂ ಅಲ್ಲ, ಆದ್ದರಿಂದ ಬಂದೆ ಎಂದೂ ಗೊತ್ತು. ಅವನು ಹೋದ ಮೇಲೆ ನೀನು ಬರುವುದು, ನೀನು ಬರುವ ಹೊತ್ತಿಗೆ ಅವನು ಹೊರಡುವುದು, ಕಾರಿಡಾರಿನ ಕೊನೆಯಲ್ಲಿ ನಿಂತು ಇಣುಕುವುದು. ಪಾಳಿ ಬದಲಾಯಿಸುವ ವಾಚ್‌ಮನ್‌ಗಳೂ ಒಬ್ಬರಿಗೊಬ್ಬರು ತಲೆ ಆಡಿಸುತ್ತಾರಮ್ಮ. ಕೊನೆಯ ದಿನ ನರ್ಸು ನನ್ನನ್ನು ಕೇಳಿದಳು, "ಅಜ್ಜಿ, ನಿಮಗೆ ಇಬ್ಬರು ಮಕ್ಕಳೋ, ಇಲ್ಲಾ ಒಬ್ಬರೇ ವೇಷ ಬದಲಾಯಿಸ್ಕೊಂಡು ಬರ್ತಾರೋ?"

ಈಗ ಮನೆಗೆ ಬಂದಿದ್ದೇನೆ. ನಡುಮನೆಯಲ್ಲಿ, ಬೀದಿ ಕಾಣುವ ಕಿಟಕಿಯ ಪಕ್ಕ ಮಂಚ ಹಾಕಿದ್ದಾರೆ. ಮುಂಬಾಗಿಲು ಇಲ್ಲಿಂದ ನಾಲ್ಕು ಮಾರು. ಅತ್ತಿಗೆ ಚೆನ್ನಾಗಿ ನೋಡಿಕೊಳ್ಳುತ್ತಾಳೆ, ಮೊಮ್ಮಗಳು ಓದಿ ಹೇಳುತ್ತಾಳೆ, ನನಗೆ ಯಾವುದಕ್ಕೂ ಕೊರತೆಯಿಲ್ಲ. ಆದರೆ ಯಾರಾದರೂ ಗೇಟಿನ ಚಿಲಕ ತೆಗೆದರೆ ನಾನು ತಲೆ ಎತ್ತುತ್ತೇನೆ. ಹಾಲಿನವನು. ಪೇಪರಿನವನು. ನಿಮ್ಮ ಚಿಕ್ಕಪ್ಪ. ಪ್ರತಿ ಸಲವೂ ನೀನಲ್ಲ.

ನನಗೆ ನೀನು ಬೇಕು. ಇದನ್ನು ಇನ್ನು ಹೇಗೆ ಬರೆಯಬೇಕೋ ಗೊತ್ತಿಲ್ಲ.

ಅಮ್ಮ

—

ಜುಲೈ 30

ಅಮ್ಮ,

ನಿನ್ನ ಕಾಗದವನ್ನು ಬ್ಯಾಗಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ. ಹೋದ ಶನಿವಾರ ನಿಮ್ಮ ಬೀದಿಯ ತುದಿವರೆಗೆ ಬಂದಿದ್ದೆ. ಗಾಡಿ ತಿರುಗಿಸಿಕೊಂಡು ವಾಪಸ್ ಬಂದೆ. ಬೈಯಬೇಡ, ಬೈದುಕೊಳ್ಳುವುದನ್ನು ದಾರಿಯಲ್ಲೇ ಮುಗಿಸಿದ್ದೇನೆ.

ಅವನು ಬಾಯಿ ಬಿಟ್ಟು ಒಂದು ಮಾತು ಹೇಳಲಿ. ಅಷ್ಟಕ್ಕೆ ಅವನಿಗೆ ಏನು ಕಷ್ಟ?

ಮಗಳು

—

ಆಗಸ್ಟ್ 5

ಮಗಳೇ,

ನಿನ್ನ ಕೊನೆಯ ಸಾಲು ಓದಿ ದಿಂಬು ಎತ್ತಿ ಗೋಡೆಗೆ ಎಸೆದೆ. ಯಾಕೆ ಎಂದು ಕೇಳಬೇಡ, ಹೇಳುವ ಹಾಗಿಲ್ಲ.

ಅಮ್ಮ

—

ಆಗಸ್ಟ್ 20

ಕನ್ನಡಕದ ಅಂಗಡಿಯಿಂದ

ತಂಗಿಗೆ,

ನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ, ಕೈಬರಹ ಗುರುತು ಸಿಗುತ್ತದೆ ಎಂದುಕೊಂಡಿದ್ದೇನೆ. ಕೆಲಸದ ವಿಷಯ.

ಮಂಡಿಗೆ ವ್ಯಾಯಾಮ ಮಾಡಿಸಲು ಅಮ್ಮನನ್ನು ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಬಾಡಿಗೆ ಗಾಡಿಯವರು ಅಮ್ಮನನ್ನು ಮೂಟೆ ಇಳಿಸಿದ ಹಾಗೆ ಇಳಿಸುತ್ತಾರೆ. ನಮ್ಮ ಗಾಡಿ ಪೋರ್ಟಿಕೋದಲ್ಲಿ ಹೊದಿಕೆ ಹೊದ್ದುಕೊಂಡು ನಿಂತಿದೆ. ಓಡಿಸುವವರಿಲ್ಲ.

ಈ ಊರಿನ ಡ್ರೈವಿಂಗ್ ಸ್ಕೂಲಿಗೆ ಸೇರಿದ್ದೆ. ಅಲ್ಲಿಯ ಮೇಷ್ಟ್ರು ನಾನು ಏನು ತಪ್ಪು ಮಾಡಿದರೂ "ಪರವಾಗಿಲ್ಲ ಸಾರ್, ಪರವಾಗಿಲ್ಲ ಸಾರ್" ಎನ್ನುತ್ತಾನೆ. ಮೊನ್ನೆ ಚರಂಡಿಗೆ ಇಳಿಸಿದೆ, ಆಗಲೂ ಪರವಾಗಿಲ್ಲ ಎಂದ. ಹಾಗೆ ಕಲಿಯಲು ನನ್ನಿಂದ ಆಗುವುದಿಲ್ಲ. ಬೈಯುವವರು ಬೇಕು.

ಭಾನುವಾರ ಬೆಳಗಿನ ಬಸ್ಸಿಗೆ ನಿಮ್ಮ ಸ್ಕೂಲಿಗೆ ಬರುತ್ತೇನೆ. ಸ್ಕೂಲು ನಿನ್ನ ಮನೆಯಲ್ಲವಲ್ಲ. ನಿನ್ನ ಗಾಡಿ ಹತ್ತುವುದಿಲ್ಲ ಎಂದಿದ್ದೆ, ಹತ್ತುತ್ತೇನೆ. ನಗು ಬಂದರೆ ನಗು.

ಮಳೆಯ ದಿನ ಕಿಟಕಿಯ ಹತ್ತಿರ ಒಂದು ಮಾತು ಹೇಳಿದ್ದೆ. ಗಾಡಿಯೊಳಗೆ ಕೂತು ಮತ್ತೆ ಹೇಳುತ್ತೇನೆ. ಆಗ ಮಧ್ಯೆ ಗಾಜು ಇರುವುದಿಲ್ಲ.

ಅಣ್ಣ

—

ಸೆಪ್ಟೆಂಬರ್ 24

ಮಗಳೇ,

ನೀನು ಹೊರಟು ಎರಡು ದಿನವಾಯಿತು, ನಿನ್ನ ಟವೆಲ್ ಇನ್ನೂ ಹಗ್ಗದ ಮೇಲಿದೆ. ತೆಗೆಯಬೇಡ ಎಂದು ಅತ್ತಿಗೆಗೆ ಹೇಳಿದ್ದೇನೆ.

ಒಂದು ವಿಷಯ ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಭಾನುವಾರಗಳಲ್ಲಿ ಅವನು ಎಲ್ಲಿಗೆ ಹೋಗುತ್ತಾನೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಇವನು ಕಾಲಿಗೆ ಚಕ್ರ ಕಟ್ಟಿಕೊಂಡ ಎಂದು ಗೊಣಗುತ್ತಾ ಕೂತಿದ್ದೆ. ಮೊನ್ನೆ ಕಿಟಕಿಯಲ್ಲಿ ನಿನ್ನ ಸ್ಕೂಲಿನ ಗಾಡಿ ಕಂಡಿತು. ಸ್ಟೇರಿಂಗ್ ಹಿಡಿದವನು ಅವನು! ಮೂಗಿನ ತುದಿಗೆ ಕನ್ನಡಕ, ಹಲ್ಲು ಕಚ್ಚಿಕೊಂಡು, ಎರಡು ಊರಿನ ನಡುವಿನ ದಾರಿಯನ್ನೆಲ್ಲ ತಾನೇ ಎಳೆದು ತಂದವನ ಹಾಗೆ ಬೆವರಿದ್ದ. ಪಕ್ಕದಲ್ಲಿ ನೀನು. ನನ್ನ ಕೈಯಲ್ಲಿದ್ದ ಹಾಲಿನ ಲೋಟ ಅಲ್ಲೇ ನಿಂತಿತು.

ನೀನು ಇಳಿದು ಗೇಟು ತೆಗೆದೆ. ನಾನು ಕಣ್ಣು ಮುಚ್ಚಿದೆ. ಅದೇ ಗೇಟು, ಅದೇ ಗಾಡಿ, ಅದೇ ಇಬ್ಬರು. ಎದುರು ಮನೆಯವರು ಜಗಲಿಗೆ ಬಂದು ನಿಂತರು, ಮರೆಯುವ ಜನವೇ ಅವರು! ಕಣ್ಣು ಬಿಟ್ಟಾಗ ಗಾಡಿಯ ಮೂತಿ ಗೇಟು ದಾಟಿತ್ತು. ನೀನು ಅದಕ್ಕೆ ಎದುರಾಗಿ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಾ ಎರಡೂ ಕೈಯಿಂದ ಕರೆಯುತ್ತಿದ್ದೆ. "ಬಾ, ಬಾ. ಸ್ವಲ್ಪ ಎಡಕ್ಕೆ. ಬಾ." ಪಕ್ಕದ ಜಾಗದಲ್ಲಿ ಅವನ ಗಾಡಿ ಇದೆ, ಉಳಿದದ್ದು ಅಂಗೈಯಗಲ. ಅವನು ಬಂದ. ನೀನು ಮೊದಲನೇ ಮೆಟ್ಟಿಲು ಹತ್ತಿದೆ, ಕಣ್ಣು ಅವನ ಚಕ್ರದ ಮೇಲೆ. "ಬಾ, ಬಾ." ಎರಡನೇ ಮೆಟ್ಟಿಲು. ಆಮೇಲೆ ಹಿಂದಕ್ಕೆ ಇಟ್ಟ ಕಾಲು ಹೊಸಿಲು ದಾಟಿ ನಡುಮನೆಯೊಳಗೆ ಬಂತು, ಹಿಂದೆಯೇ ಇನ್ನೊಂದು ಕಾಲು. ಒಳಗೆ ನಿಂತು ಕೈ ಎತ್ತಿ "ನಿಲ್ಸು!" ಎಂದೆ. ಅವನು ನಿಲ್ಲಿಸಿದ.

ನಿನ್ನ ಬೆನ್ನು ನನ್ನ ಕಡೆಗಿತ್ತು. ನಾನು ಉಸಿರು ಬಿಡಲಿಲ್ಲ. ತಾನು ಎಲ್ಲಿ ನಿಂತಿದ್ದೇನೆ ಎಂದು ಗೊತ್ತಾದರೆ ಹುಡುಗಿ ಹೊರಗೆ ಹಾರಿಬಿಡುತ್ತಾಳೆ ಎಂದು ಹೆದರಿದೆ. ಆಮೇಲೆ ನೀನು ತಿರುಗಿ, "ಏನಮ್ಮ, ಹಾಲು ಚೆಲ್ಲಿಕೊಂಡಿದೀಯಲ್ಲ" ಎಂದು ಬಂದು ಹೊದಿಕೆ ಒರೆಸಿದೆ. ನಾನೂ ಏನೂ ಆಗದವಳ ಹಾಗೆ ಇದ್ದುಬಿಟ್ಟೆ. ರಾತ್ರಿ ಉಳಿದೆ, ಎಲ್ಲರ ಜೊತೆ ಊಟ ಮಾಡಿದೆ, ಅವನು ಉಪ್ಪಿನ ಡಬ್ಬಿಯನ್ನು ನಿನ್ನ ಕಡೆ ತಾನೇ ತಳ್ಳಿದ.

ನಾಲ್ಕು ವರ್ಷ ಹಟ ಮಾಡಿದವಳು, ಎಲ್ಲಿ ಕಾಲಿಡುತ್ತಿದ್ದೇನೆ ಎಂದು ನೋಡದೆ ಒಳಗೆ ಬಂದುಬಿಟ್ಟೆಯಲ್ಲ ಪೆದ್ದಿ! ಈಗ ಹೇಳುತ್ತಿದ್ದೇನೆ, ಇನ್ನು ಬಂದಾಯಿತು, ವಾಪಸ್ ತಗೊಳ್ಳುವ ಹಾಗಿಲ್ಲ.

ಮಡಚುವ ಕುರ್ಚಿಗಳನ್ನು ಅಟ್ಟಕ್ಕೆ ಹಾಕಿಸಿದ್ದೇನೆ. ಚಿಕ್ಕಪ್ಪನ ಹೆಗಲು ಎರಡೂ ಕಡೆ ನೋಯುತ್ತಿದೆಯಂತೆ. ನೋಯಲಿ ಬಿಡು, ಎಷ್ಟು ಬೇಕಾದರೂ ಮಳೆ ಬರಲಿ.

ನಿನ್ನ ಅಮ್ಮ

—

ಅಕ್ಟೋಬರ್ 1

ಅಮ್ಮ,

ಟವೆಲ್ ಅಲ್ಲೇ ಇರಲಿ, ಭಾನುವಾರ ಬರುತ್ತೇನೆ.

ಮೊದಲನೇ ದಿನವೇ ಅವನು ಸೀಟಿನಲ್ಲಿ ಕೂತು, ಬೆಲ್ಟು ಹಾಕಿಕೊಂಡು, ಕಣ್ಣು ರಸ್ತೆಯ ಮೇಲಿಟ್ಟುಕೊಂಡು ಆ ಮಾತು ಹೇಳಿದ. ಗಾಡಿ ಇನ್ನೂ ಶುರುವೇ ಮಾಡಿರಲಿಲ್ಲ. ಮಳೆಯ ದಿನ ಕಿಟಕಿಯ ಹತ್ತಿರ ಹೇಳಿದ್ದೂ ಅದನ್ನೇ ಅಂತೆ, ನಿನಗೆ ಮೇ ತಿಂಗಳಿನಿಂದ ಗೊತ್ತಿತ್ತಂತೆ! ದಿಂಬು ಯಾಕೆ ಎಸೆದೆ ಎಂದು ಈಗ ಅರ್ಥವಾಯಿತು. ಆಮೇಲೆ ಅವನು ಗೇರು ಹಾಕಿದ, ಗಾಡಿ ಕೆಮ್ಮಿ ನಿಂತಿತು, ನಾನು ನಕ್ಕೆ. ಅವನೂ ನಕ್ಕ.

ಇನ್ನೊಂದು ವಿಷಯ. ಹಿಂದೆ ಏನಿದೆ ಎಂದು ತಿಳಿದುಕೊಳ್ಳದೆ ಹಿಂದಕ್ಕೆ ಹೋಗಬೇಡಿ ಎಂದು ದಿನ ಬೆಳಗಾದರೆ ಜನಕ್ಕೆ ಬೈದು ಹೇಳುವವಳು ನಾನು. ನಿಮ್ಮ ಮನೆಗೆ ಎರಡು ಮೆಟ್ಟಿಲು, ಆಮೇಲೆ ಹೊಸಿಲು, ಬಲಗಡೆ ನಿನ್ನ ಮಂಚ. ಅವನು ಓಡಿಸುತ್ತಿದ್ದ ಗಾಡಿ ನಾನು ಮೊದಲನೇ ಮೆಟ್ಟಿಲ ಮೇಲಿದ್ದಾಗಲೇ ಪೂರ್ತಿ ಒಳಗೆ ಬಂದಿತ್ತು. ಆಗಲೇ ನಿಲ್ಲಿಸು ಎನ್ನಬಹುದಾಗಿತ್ತು. ನಾನೇ ಬಾ, ಬಾ ಎನ್ನುತ್ತಾ ಇದ್ದೆ.

ನಿನ್ನ ಮಗಳು